ಬೋಳು ಗುಡ್ಡಕ್ಕೆ ಸೂಜಿ ಹುಲ್ಲೋ, ಕಾಚಿ ಹುಲ್ಲೋ?

ಸಂಡೂರು ಸೀಮೆ

ಎಲ್ಲರಿಗೂ ನಮಸ್ಕಾರ. ಸಂಡೂರು ತಾಲ್ಲೂಕಿನ ನಮ್ಮ ಊರಿನ ಹಿಂದಿನ ಗುಡ್ಡದಲ್ಲಿ ಮುಖ್ಯವಾಗಿ ಎರಡು ಬಗೆಯ ಹುಲ್ಲು ಬೆಳೆಯುತ್ತವೆ. ಬಿಸಿಲಿಗೆ ತೆರೆದುಕೊಂಡ ಕಲ್ಲುನೆಲದಲ್ಲಿ ಸೂಜಿ ಹುಲ್ಲು ಇದೆ. ತುಗ್ಗಲಿ, ದಿಂಡಿಗ ಮರಗಳ ನಡುವಿನ ಅರೆನೆರಳಿನಲ್ಲಿ ಆಳೆತ್ತರದ ಕಾಚಿ ಹುಲ್ಲು ಇದೆ. ಇದನ್ನು ರೋಶಾ ಹುಲ್ಲು, ಪಾಮರೋಸಾ ಎಂದೂ ಕರೆಯುತ್ತಾರೆ. ಇವೆರಡೂ ಈ ನೆಲದವೇ, ಯಾರೂ ತಂದು ನೆಟ್ಟವಲ್ಲ.

ಗುಡ್ಡದ ಊರಿನ ಕಡೆಯ ಮಗ್ಗುಲು ಹಲವು ವರ್ಷಗಳಿಂದ ಬೋಳಾಗಿದೆ. ದೊಡ್ಡ ಮಳೆಯಾದಾಗಲೆಲ್ಲ ಕೆಮ್ಮಣ್ಣು ಕೊಚ್ಚಿಕೊಂಡು ಬಂದು ಕೆರೆಯಂಗಳದಲ್ಲಿ ತುಂಬುತ್ತಿದೆ. ಮುಂದಿನ ಮುಂಗಾರಿಗೆ ಮೊದಲು ಅಲ್ಲಿ ಹುಲ್ಲು ಎಬ್ಬಿಸಬೇಕೆಂದು ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಒಪ್ಪಿಗೆಯಾಯಿತು. ಆದರೆ ಯಾವ ಹುಲ್ಲು ಎಂಬಲ್ಲಿಗೆ ಮಾತು ಬಂದಾಗ ಸಭೆ ಎರಡಾಯಿತು. ಕಾಚಿ ಹುಲ್ಲನ್ನು ಜಾನುವಾರು ಮುಟ್ಟುವುದಿಲ್ಲ, ಆದ್ದರಿಂದ ಕಾವಲು ಬೇಕಿಲ್ಲ, ಮುಂದೆ ಎಣ್ಣೆಯನ್ನೂ ತೆಗೆಯಬಹುದು ಎಂದು ಒಂದು ಗುಂಪಿನವರು ಹೇಳುತ್ತಾರೆ. ಕುರಿ ಸಾಕುವವರು, ನಮಗೆ ಮೇವಾಗದ ಹುಲ್ಲು ಗುಡ್ಡದಲ್ಲಿ ಇದ್ದೂ ಏನು ಪ್ರಯೋಜನ ಎನ್ನುತ್ತಾರೆ. ಎರಡೂ ಹುಲ್ಲುಗಳನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಹೋಲಿಸಿ ತಿಳಿಸಬೇಕು. ಎಳೆಯದರಲ್ಲಿ ಎರಡನ್ನೂ ಗುರುತಿಸುವುದು ಹೇಗೆ ಎಂಬುದನ್ನೂ ಹೇಳಿದರೆ ಬೀಜ ಸಂಗ್ರಹಿಸುವ ಹುಡುಗರಿಗೆ ಅನುಕೂಲವಾಗುತ್ತದೆ.

ಕುಷ್ಟಗಿ ಕುರಿಮಂದೆ

ಸೂಜಿ ಹುಲ್ಲು ಮಾತ್ರ ಬೇಡ ಅಣ್ಣಾ. ದೀಪಾವಳಿಯ ಹೊತ್ತಿಗೆ ಅದರ ಬೀಜ ಕುರಿಯ ಉಣ್ಣೆಗೆ ಹೊಕ್ಕು, ಅಲ್ಲಿಂದ ಚರ್ಮಕ್ಕೆ ಇಳಿದು, ಕುರಿ ನಿಂತಲ್ಲಿ ನಿಲ್ಲಲಾರದೆ ಒದ್ದಾಡುವುದನ್ನು ನೋಡಿದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು

ಗುರುತಿಸುವ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಸೂಜಿ ಹುಲ್ಲಿನ ಶಾಸ್ತ್ರೀಯ ಹೆಸರು ಹೆಟೆರೊಪೋಗನ್ ಕಂಟಾರ್ಟಸ್. ಇದು ಗುಂಪುಗುಂಪಾಗಿ ಬೆಳೆಯುವ ಬಹುವಾರ್ಷಿಕ. ನಮ್ಮ ಕಲ್ಲುಗುಡ್ಡಗಳಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು ಮೀಟರ್ ಎತ್ತರವಾಗುತ್ತದೆ. ಬುಡವನ್ನು ಬೆರಳುಗಳ ನಡುವೆ ಹಿಡಿದು ನೋಡಿದರೆ ಅದು ದುಂಡಾಗಿರದೆ ಚಪ್ಪಟೆಯಾಗಿರುತ್ತದೆ. ಎಲೆ ನಡುನರದ ಉದ್ದಕ್ಕೂ ಮಡಿಚಿದಂತಿದ್ದು ಅದರ ತುದಿ ಮೊಂಡಾಗಿರುತ್ತದೆ. ತೆನೆಯ ಕೆಳಭಾಗದ ಕಿರುತೆನೆಗಳಿಗೆ ಊಬು, ಅಂದರೆ ಬಾಲದಂಥ ಬಿರುಸು ಎಳೆ, ಇರುವುದಿಲ್ಲ. ಮೇಲ್ಭಾಗದ ಕಿರುತೆನೆಗಳ ಪ್ರತಿ ಜೋಡಿಯಲ್ಲಿ ಒಂದು ಮಾತ್ರ ಕಾಳು ಕಟ್ಟುತ್ತದೆ, ಅದಕ್ಕೆ ಉದ್ದವಾದ ಕಂದುಗಪ್ಪು ಊಬು ಇರುತ್ತದೆ. ಬಲಿತಾಗ ಈ ಊಬುಗಳೆಲ್ಲ ತೆನೆಯ ತುದಿಯಲ್ಲಿ ಹೆಣೆದುಕೊಂಡು ಜಡೆಗಟ್ಟುತ್ತವೆ.

ಕಾಚಿ ಹುಲ್ಲು ಎಂದರೆ ಸಿಂಬೊಪೋಗನ್ ಮಾರ್ಟಿನಿ. ಇದೂ ಬಹುವಾರ್ಷಿಕ, ಆದರೆ ಒಂದೂವರೆಯಿಂದ ಮೂರು ಮೀಟರ್‌ವರೆಗೆ ಏಳುತ್ತದೆ. ಇದರ ಎಲೆಯ ಬುಡ ಅಗಲವಾಗಿದ್ದು ಹೃದಯದಾಕಾರದಲ್ಲಿ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಈ ಒಂದು ಲಕ್ಷಣ ಕಂಡರೆ ಸಾಕು, ಹೂವಿಲ್ಲದ ಕಾಲದಲ್ಲೂ ಸೂಜಿ ಹುಲ್ಲೆಂದು ತಿಳಿಯುವ ಸಂಭವವಿಲ್ಲ. ಎಲೆಯನ್ನು ಹೊಸಕಿದರೆ ಗುಲಾಬಿಯನ್ನು ಹೋಲುವ ವಾಸನೆ ಬರುತ್ತದೆ. ಹೂಗೊಂಚಲು ದೊಡ್ಡದು, ಬಲಿತಾಗ ಕೆಂಪು ಛಾಯೆ ಪಡೆಯುತ್ತದೆ. ಇದಕ್ಕೂ ಊಬು ಇದೆ, ಆದರೆ ತೆಳುವಾದ ಚಿಕ್ಕ ಊಬು; ಯಾರಿಗೂ ಚುಚ್ಚುವುದಿಲ್ಲ.

ಲಿಂಗಸುಗೂರು ಓದುಗ

ಮೇಷ್ಟ್ರೇ, ನಮ್ಮ ಕಡೆಯ ಗುಡ್ಡದ ಹುಲ್ಲು ಹೊಸಕಿದರೆ ನಿಂಬೆಯ ವಾಸನೆ ಬರುತ್ತದೆ. ಅದೂ ಕಾಚಿ ಹುಲ್ಲೇ?

ಸಸ್ಯಶಾಸ್ತ್ರದ ಮೇಷ್ಟ್ರು

ಅಲ್ಲ. ಅದೇ ಕುಲದ ಬೇರೆ ಪ್ರಭೇದ ಇರಬೇಕು. ಮನೆಯ ಹಿತ್ತಲಿನಲ್ಲಿ ಕಷಾಯಕ್ಕೆಂದು ಬೆಳೆಸುವ ಮಜ್ಜಿಗೆ ಹುಲ್ಲು ಕೂಡ ಸಿಂಬೊಪೋಗನ್ ಕುಲದ್ದೇ, ಅದರ ಕಾಡು ಬಂಧುಗಳು ದಖನಿನ ಗುಡ್ಡಗಳಲ್ಲಿವೆ. ನಿಂಬೆಯ ವಾಸನೆಗೆ ಸಿಟ್ರಾಲ್ ಕಾರಣ, ಗುಲಾಬಿಯ ವಾಸನೆಗೆ ಜೆರಾನಿಯಾಲ್ ಕಾರಣ. ಸೂಜಿ ಹುಲ್ಲಿನ ಕುಲದಲ್ಲೂ ವಾಸನೆಯುಳ್ಳ ಒಂದು ಏಕವಾರ್ಷಿಕ ಪ್ರಭೇದವಿದೆ, ಹೆಟೆರೊಪೋಗನ್ ಮೆಲನೋಕಾರ್ಪಸ್ ಎಂದು ಅದರ ಹೆಸರು. ಆದ್ದರಿಂದ ವಾಸನೆಯೊಂದನ್ನೇ ನಂಬಿ ಚೀಲ ತುಂಬಿಸಬೇಡಿ. ಎಲೆಯ ಬುಡವನ್ನು ನೋಡಿ, ಊಬನ್ನು ನೋಡಿ, ಆಮೇಲೆ ನಿರ್ಧರಿಸಿ.

ರಾಯಚೂರು ಪಶುವೈದ್ಯ

ಕುಷ್ಟಗಿಯವರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಸೂಜಿ ಹುಲ್ಲಿನ ಕಾಳಿನ ಬುಡ ಸೂಜಿಮೊನೆಯಂತೆ ಚೂಪಾಗಿದ್ದು ಅದರ ಮೇಲೆ ಹಿಮ್ಮುಖವಾಗಿ ಬಾಗಿದ ಬಿರುಸು ರೋಮಗಳಿರುತ್ತವೆ. ಒಳಗೆ ಹೋಗುವಾಗ ಈ ರೋಮಗಳು ಅಡ್ಡಿಪಡಿಸುವುದಿಲ್ಲ, ಹೊರಗೆ ಬರಲು ಮಾತ್ರ ಬಿಡುವುದಿಲ್ಲ. ಊಬಿನ ಕೆಳಭಾಗ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ತೇವ ತಾಗಿದಾಗ ಹೊಸೆತ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಒಂದು ಬಲಿತ ಬೀಜವನ್ನು ಅಂಗೈಯಲ್ಲಿಟ್ಟು ಎರಡು ಹನಿ ನೀರು ಹಾಕಿ ನೋಡಿ, ಅದರ ಬಾಗಿದ ತೋಳು ನಿಧಾನವಾಗಿ ತಿರುಗತೊಡಗುವುದು ಕಣ್ಣಿಗೇ ಕಾಣುತ್ತದೆ. ಹೀಗೆ ತಿರುಗುತ್ತಲೇ ಬೀಜ ಮಣ್ಣಿನೊಳಗೆ ಕೊರೆದುಕೊಂಡು ಇಳಿಯುತ್ತದೆ. ಕುರಿಯ ಮೈಮೇಲೆ ಬಿದ್ದಾಗಲೂ ಅದು ಮಾಡುವುದು ಅದೇ ಕೆಲಸ, ಬೆವರಿಗೂ ಇಬ್ಬನಿಗೂ ತಿರುಗಿ ತಿರುಗಿ ಚರ್ಮಕ್ಕೆ ಇಳಿಯುತ್ತದೆ.

ಕುರಿಗಳ ತುಟಿ, ವಸಡು, ನಾಲಿಗೆಯ ಕೆಳಗೆ ಹುಣ್ಣಾಗುವುದು, ಕಣ್ಣಿಗೆ ಹೊಕ್ಕು ನೀರು ಸುರಿಯುವುದು, ಗೊರಸಿನ ಸಂದಿಯಲ್ಲಿ ಕೀವು ತುಂಬಿ ಕುಂಟುವುದು ಇವೆಲ್ಲ ನಾವು ಪ್ರತಿ ಹಿಂಗಾರಿನ ಕೊನೆಗೆ ಕಾಣುವ ತೊಂದರೆಗಳು. ಚರ್ಮ ಸುಲಿದಾಗ ಒಳಮೈಯಲ್ಲಿ ಮುರಿದ ಮೊನೆಗಳು ಸಿಗುತ್ತವೆ. ಅಂಥ ತೊಗಲಿಗೆ ಬೆಲೆಯೂ ಇಳಿಯುತ್ತದೆ. ಆದರೆ ಇವೆಲ್ಲವೂ ಬೀಜ ಬಲಿತ ಮೇಲಿನ ಮಾತು ಎಂಬುದನ್ನು ಒತ್ತಿ ಹೇಳುತ್ತೇನೆ. ಹೂವಿಗೆ ಬರುವ ಮೊದಲು ಸೂಜಿ ಹುಲ್ಲು ಒಳ್ಳೆಯ ಮೇವು. ಕಾಚಿ ಹುಲ್ಲಿಗೆ ಆ ಕಾಲವೂ ಇಲ್ಲ. ಎಳೆ ಚಿಗುರನ್ನು ದನ, ಎಮ್ಮೆಗಳು ಅಷ್ಟಿಷ್ಟು ತಿಂದರೂ ಬಲಿತ ಮೇಲೆ ಮೂಸಿ ಮುಂದೆ ಹೋಗುತ್ತವೆ.

ಮಾನ್ವಿ ಕೆಂಗುರಿ

ನಮ್ಮಲ್ಲಿ ಕೆಂಗುರಿ ತಳಿ. ಮೈಮೇಲೆ ದಟ್ಟ ಉಣ್ಣೆಯಿಲ್ಲ, ಗಿಡ್ಡ ಕೂದಲು ಅಷ್ಟೆ. ಸೂಜಿ ಹುಲ್ಲಿನ ಗುಡ್ಡದಲ್ಲಿ ಮೇಯಿಸಿದರೂ ಬಳ್ಳಾರಿ ತಳಿಯ ಕುರಿಗಳಷ್ಟು ಕಷ್ಟಪಡುವುದಿಲ್ಲ. ಯಾವ ತಳಿ ಮೇಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕುಷ್ಟಗಿ ಕುರಿಮಂದೆ

ಕೆಂಗುರಿಯ ಬಾಯಿಗೆ ಚುಚ್ಚುವುದಿಲ್ಲವೇ? ಮೈಗೆ ಹೊಕ್ಕುವುದು ಕಡಿಮೆ ಎಂಬುದನ್ನು ಒಪ್ಪುತ್ತೇನೆ, ಬಾಯಿಯ ಹುಣ್ಣು ಎಲ್ಲ ತಳಿಗೂ ಒಂದೇ. ಇನ್ನು ಉಣ್ಣೆಯ ವಿಷಯಕ್ಕೆ ಬಂದರೆ, ಊಬು ಸೇರಿದ ಉಣ್ಣೆಯನ್ನು ನೂಲಲು ಆಗುವುದಿಲ್ಲ. ನಮ್ಮ ತಾಯಿ ಒಂದೊಂದೇ ಮುಳ್ಳು ಆರಿಸುತ್ತ ಕೂರುತ್ತಿದ್ದರು, ಬೆರಳ ತುದಿಯೆಲ್ಲ ಒಡೆದಿರುತ್ತಿತ್ತು. ಕಂಬಳಿ ನೇಯುವವರು ಅಂಥ ಉಣ್ಣೆಯನ್ನು ತಿರುಗಿಯೂ ನೋಡುವುದಿಲ್ಲ.

ಯಲಬುರ್ಗಾ ಅಕ್ಕ

ತಮ್ಮಾ, ಉಣ್ಣೆ ಕತ್ತರಿಸುವ ಹದವನ್ನು ಸ್ವಲ್ಪ ಹಿಂದಕ್ಕೆ ತಂದುಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಸೂಜಿ ಹುಲ್ಲು ತೆನೆ ಕಪ್ಪಾಗುವ ಮೊದಲೇ ಕತ್ತರಿಸಿಬಿಟ್ಟರೆ ಬೀಜ ಹಿಡಿದುಕೊಳ್ಳಲು ಉಣ್ಣೆಯೇ ಇರುವುದಿಲ್ಲ. ತೆನೆ ಕಪ್ಪಾದ ಮೇಲೆ ಮಂದೆಯನ್ನು ಗುಡ್ಡಕ್ಕೆ ಹೊಡೆಯದೆ ಕಟಾವಾದ ಹೊಲಗಳಿಗೆ ಇಳಿಸುವುದು ನಮ್ಮ ಮಾವನವರ ಕಾಲದಿಂದ ನಡೆದುಬಂದ ಕ್ರಮ. ಹೊಲದವರಿಗೂ ಗೊಬ್ಬರ ಸಿಗುತ್ತದೆ. ಆ ಕ್ರಮ ಬಿಟ್ಟವರಿಗೆ ಹುಲ್ಲಿನ ಮೇಲೆ ಸಿಟ್ಟು.

ಸಂಡೂರು ಸೀಮೆ

ಅಕ್ಕನವರ ಮಾತು ನಮ್ಮ ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಗಾದರೆ ಮೇವಿನ ದೃಷ್ಟಿಯಿಂದ ಸೂಜಿ ಹುಲ್ಲೇ ಮೇಲು ಎಂದಾಯಿತು. ಮಣ್ಣು ಹಿಡಿಯುವ ಶಕ್ತಿಯ ವಿಷಯ ಹೇಗೆ? ಎಣ್ಣೆಯ ಲಾಭದ ಬಗ್ಗೆ ಬಲ್ಲವರು ಯಾರಾದರೂ ಇದ್ದೀರಾ?

ಪಾಮರೋಸಾ ಬೆಳೆಗಾರ, ಸಿರುಗುಪ್ಪ

ಎಣ್ಣೆಯ ಬಗ್ಗೆ ಸ್ವಂತ ಅನುಭವದಿಂದ ಹೇಳುತ್ತೇನೆ. ಕಾಚಿ ಹುಲ್ಲಿನಲ್ಲಿ ಮೋತಿಯಾ, ಸೋಫಿಯಾ ಎಂಬ ಎರಡು ಬಗೆಗಳಿವೆ. ಮೋತಿಯಾ ಬಗೆಯು ನೀರು ಬಸಿದುಹೋಗುವ ಒಣ ಇಳಿಜಾರುಗಳಲ್ಲಿ ಬಿಡಿಬಿಡಿ ಗುಂಪಾಗಿ ಬೆಳೆಯುತ್ತದೆ. ಸೋಫಿಯಾ ತಗ್ಗಿನ ತೇವದ ನೆಲದಲ್ಲಿ ಒತ್ತಾಗಿ ಬೆಳೆಯುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಎಣ್ಣೆಯ ಗುಣ ಬೇರೆ. ಮೋತಿಯಾದ ಎಣ್ಣೆಯಲ್ಲಿ ಜೆರಾನಿಯಾಲ್ ಅಂಶ ಸಾಮಾನ್ಯವಾಗಿ ಶೇಕಡಾ 75ರಿಂದ 90ರವರೆಗೆ ಇರುತ್ತದೆ, ಸೋಫಿಯಾದಲ್ಲಿ ಕಡಿಮೆ. ಸುಗಂಧದ್ರವ್ಯ, ಸಾಬೂನು ಮಾಡುವವರಿಗೆ ಬೇಕಾದದ್ದು ಮೋತಿಯಾ. ಹಿಂದಿನ ಕಾಲದಲ್ಲಿ ಖಾನದೇಶ, ನಿಮಾರ್ ಕಡೆಯ ಕಾಡುಗಳಿಂದ ಈ ಎಣ್ಣೆ ಮುಂಬಯಿಯ ಮೂಲಕ ತುರ್ಕಿಗೆ ಹೋಗಿ ಅಲ್ಲಿ ಗುಲಾಬಿ ಅತ್ತರಿಗೆ ಬೆರಕೆಯಾಗುತ್ತಿತ್ತು.

ಈಗ ನಿಮ್ಮ ಗುಡ್ಡದ ಲೆಕ್ಕ ನೋಡಿ. ಹೊಲದಲ್ಲಿ ನೀರು ಗೊಬ್ಬರ ಕೊಟ್ಟು ಬೆಳೆಸಿದರೂ ನೂರು ಕಿಲೋ ಹಸಿ ಹುಲ್ಲನ್ನು ಭಟ್ಟಿಗೆ ಹಾಕಿದರೆ ಬರುವ ಎಣ್ಣೆ ಅರ್ಧ ಕಿಲೋದ ಆಸುಪಾಸು. ಅದರಲ್ಲೂ ಎಣ್ಣೆ ಹೆಚ್ಚಾಗಿರುವುದು ಹೂಗೊಂಚಲಿನಲ್ಲಿ, ಆಮೇಲೆ ಎಲೆಯಲ್ಲಿ. ದಂಟಿನಲ್ಲಿ ಇಲ್ಲವೆಂದೇ ಹೇಳಬೇಕು. ಕೊಯ್ಯುವ ಹದ ಹೂ ಪೂರ್ತಿ ಬಿರಿದ ಮೇಲೆ, ಬೀಜ ಉದುರುವ ಮೊದಲು. ನೆರಳಿನಲ್ಲಿ ಬೆಳೆದ ಹುಲ್ಲಿನಲ್ಲಿ ಎಣ್ಣೆ ಇನ್ನೂ ಕಡಿಮೆ. ಕಡಿದಾದ ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಗುಂಪು ಕೊಯ್ದು, ಹೊತ್ತು ಇಳಿಸಿ, ಸೌದೆ ಸುಟ್ಟು ಭಟ್ಟಿ ಇಳಿಸಿದರೆ ಕೂಲಿಯೂ ಹುಟ್ಟುವುದಿಲ್ಲ. ಸಾಲದ್ದಕ್ಕೆ ಭಟ್ಟಿಯ ಸೌದೆಗಾಗಿ ಇರುವ ಮರಗಳಿಗೂ ಕೊಡಲಿ ಬೀಳುತ್ತದೆ. ಎಣ್ಣೆ ಬೇಕೆಂದರೆ ಹೊಲದಲ್ಲಿ ಬೆಳೆಯಿರಿ. ಗುಡ್ಡಕ್ಕೆ ಆ ಆಸೆ ಬೇಡ.

ಗಂಗಾವತಿ ಪದವೀಧರ

ಇದನ್ನು ಒಪ್ಪಲಾರೆ. ಊರಿನ ಹೆಣ್ಣುಮಕ್ಕಳ ಸಂಘಕ್ಕೆ ವರ್ಷಕ್ಕೆ ಒಂದು ಕೊಯ್ಲಿನ ಕೆಲಸವಾದರೂ ಸಿಕ್ಕರೆ ಅದು ಸಣ್ಣ ಮಾತಲ್ಲ. ಎಲ್ಲವನ್ನೂ ಕಿಲೋ ಲೆಕ್ಕದಲ್ಲೇ ತೂಗಬೇಕೇ?

ಪಾಮರೋಸಾ ಬೆಳೆಗಾರ, ಸಿರುಗುಪ್ಪ

ಕಿಲೋ ಲೆಕ್ಕದಲ್ಲಿ ತೂಗದಿದ್ದರೆ ಆ ಹೆಣ್ಣುಮಕ್ಕಳ ದಿನಗೂಲಿಯನ್ನು ಯಾರು ಕೊಡುತ್ತಾರೆ? ಅವರ ಮೇಲೆ ನಿಮಗಿರುವ ಕಾಳಜಿ ನನಗೂ ಇದೆ. ಅದಕ್ಕಾಗಿಯೇ ಸಂಘದ ಹೆಸರಿನಲ್ಲಿ ಒಂದೆರಡು ಎಕರೆ ಹೊಲ ಗುತ್ತಿಗೆಗೆ ಹಿಡಿದು, ಸಸಿಮಡಿ ಮಾಡಿ, ತಿಂಗಳೊಪ್ಪತ್ತಿನ ಸಸಿ ನಾಟಿ ಮಾಡಿ ಬೆಳೆಸಿರಿ ಎನ್ನುತ್ತೇನೆ. ಒಮ್ಮೆ ನಾಟಿ ಮಾಡಿದರೆ ನಾಲ್ಕೈದು ವರ್ಷ ಕೊಯ್ಯಬಹುದು. ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಶೋಧನೆ ನಡೆಸುವ ಲಖನೌದ ಸಿಮ್ಯಾಪ್ ಸಂಸ್ಥೆಯು ತೃಷ್ಣಾ, ಪಿಆರ್‌ಸಿ-1 ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ, ಅದರ ಕೇಂದ್ರ ಬೆಂಗಳೂರಿನಲ್ಲೂ ಇದೆ.

ಹುಲ್ಲುಗಾವಲು

ಇಲ್ಲಿಯವರೆಗಿನ ಚರ್ಚೆಯಲ್ಲಿ ಒಂದು ಮುಖ್ಯ ಪ್ರಶ್ನೆ ಬಿಟ್ಟುಹೋಗಿದೆ. ಈ ಗುಡ್ಡದಲ್ಲಿ ಈ ಎರಡೇ ಹುಲ್ಲು ಏಕೆ ಉಳಿದಿವೆ?

ದೇಶದ ಹುಲ್ಲುಗಾವಲುಗಳ ಸಮೀಕ್ಷೆ ನಡೆಸಿ ದಬಡ್‌ಘಾವ್ ಮತ್ತು ಶಂಕರನಾರಾಯಣ್ ಅವರು 1973ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಐದು ಬಗೆಗಳಿವೆ. ಅದರ ಪ್ರಕಾರ ನಮ್ಮ ದಖನ್ ಪ್ರಸ್ಥಭೂಮಿಯು ಸೆಹಿಮಾ-ಡೈಕಾಂತಿಯಂ ಬಗೆಗೆ ಸೇರುತ್ತದೆ. ಸೆಹಿಮಾ ಎಂಬುದು ಕಲ್ಲುಮಿಶ್ರಿತ ಇಳಿಜಾರಿನ ಹುಲ್ಲು, ಡೈಕಾಂತಿಯಂ ಮಣ್ಣು ಆಳವಿರುವ ತಗ್ಗಿನ ಹುಲ್ಲು. ಎರಡೂ ಉತ್ತಮ ಮೇವು. ಮೇಯಿಸುವುದು ಹೆಚ್ಚಾಗಿ ಬೆಂಕಿಯೂ ಬೀಳತೊಡಗಿದಾಗ ಸೆಹಿಮಾ ಹಿಂದೆ ಸರಿದು ಅದರ ಜಾಗಕ್ಕೆ ಸೂಜಿ ಹುಲ್ಲು ಬರುತ್ತದೆ. ಸೂಜಿ ಹುಲ್ಲಿನ ಬೀಜ ಮಣ್ಣಿನೊಳಗೆ ಹೂತುಕೊಂಡಿರುವುದರಿಂದ ಕಿಚ್ಚಿಗೆ ಸಿಗುವುದಿಲ್ಲ, ಬುಡವೂ ಮತ್ತೆ ಚಿಗುರುತ್ತದೆ. ಇನ್ನೂ ಹದಗೆಟ್ಟರೆ ಅದೂ ಹೋಗಿ, ಕಸಬರಿಗೆ ಕಟ್ಟುವ ಹಂಚಿ ಹುಲ್ಲಿನ ಜಾತಿಯವು ಮಾತ್ರ ಉಳಿಯುತ್ತವೆ. ಆಮೇಲೆ ಬರಿಯ ಕಲ್ಲು.

ಕಾಚಿ ಹುಲ್ಲಿನ ದಾರಿ ಬೇರೆ. ಜಾನುವಾರು ಸುತ್ತಲಿನ ರುಚಿಯ ಹುಲ್ಲನ್ನೆಲ್ಲ ಮೇಯ್ದು ಇದನ್ನು ಬಿಡುವುದರಿಂದ ವರ್ಷದಿಂದ ವರ್ಷಕ್ಕೆ ಇದರದ್ದೇ ಮೇಲುಗೈಯಾಗುತ್ತದೆ. ಒಂದು ಗುಡ್ಡದ ತುಂಬ ವಾಸನೆಯ ಹುಲ್ಲು ಮಾತ್ರ ಕಂಡರೆ ಅಲ್ಲಿ ಆಯ್ದು ಮೇಯ್ದಿದ್ದು ಅತಿಯಾಗಿದೆ ಎಂದೇ ತಿಳಿಯಬೇಕು. ಇಂಥ ಗುಡ್ಡದಲ್ಲಿ ಮತ್ತೆ ಕಾಚಿ ಹುಲ್ಲನ್ನೇ ಬಿತ್ತಿದರೆ ಉಳಿದಿರುವ ಮೇವಿನ ಜಾಗವನ್ನೂ ನಾವೇ ಕೈಯಾರೆ ಮುಚ್ಚಿದಂತಾಗುತ್ತದೆ. ಸಮಿತಿಯವರು ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ಗಂಗಾವತಿ ಪದವೀಧರ

ಹಾಗಾದರೆ ಸೂಜಿ ಹುಲ್ಲೂ ಹದಗೆಟ್ಟ ಹುಲ್ಲುಗಾವಲಿನ ಗುರುತೇ ಆಯಿತಲ್ಲ. ಎರಡನ್ನೂ ಬಿಟ್ಟು ಸೆಹಿಮಾ ಬಿತ್ತಿ ಎಂದು ನೇರವಾಗಿ ಹೇಳಬಾರದೇಕೆ?

ಹುಲ್ಲುಗಾವಲು

ಒಳ್ಳೆಯ ಪ್ರಶ್ನೆ. ಬರಿಯ ಕಲ್ಲಾದ ನೆಲದಿಂದ ಸೆಹಿಮಾಗೆ ಒಂದೇ ಜಿಗಿತದಲ್ಲಿ ಹೋಗುವುದು ಕಷ್ಟ. ಸೂಜಿ ಹುಲ್ಲು ತೆಳುವಾದ ಮಣ್ಣು, ಬಿಸಿಲು, ಬರ, ಕಿಚ್ಚು ಎಲ್ಲವನ್ನೂ ತಡೆದುಕೊಂಡು ನೆಲ ಹಿಡಿಯುತ್ತದೆ. ಎರಡು ಮೂರು ಮಳೆಗಾಲ ಮೇಯಿಸದೆ ಕಾಯ್ದರೆ ಅದರ ಬುಡಗಳ ನಡುವೆ ಮಣ್ಣು ನಿಲ್ಲುತ್ತದೆ, ಆಗ ಹತ್ತಿರದಲ್ಲೆಲ್ಲಾದರೂ ಸೆಹಿಮಾ ಉಳಿದಿದ್ದರೆ ಅದು ತಾನಾಗಿ ಬರುತ್ತದೆ, ಇಲ್ಲವಾದರೆ ಆಗ ಬಿತ್ತಬಹುದು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ; ಸಮಿತಿಯವರು ಅಲ್ಲಿಗೆ ಹೋಗಿ ವಿಚಾರಿಸಬಹುದು.

ತೋರಣಗಲ್ಲು ವಾಸಿ

ನಮ್ಮ ಕಡೆಯ ಗಣಿ ಮಣ್ಣಿನ ದಿಬ್ಬಗಳ ಮೇಲೆ ಯಾವುದು ಬರುತ್ತದೆ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, 2013ರಲ್ಲಿ ಷರತ್ತುಗಳೊಂದಿಗೆ ಅನುಮತಿ ಕೊಟ್ಟಾಗ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅದರಂತೆ ದಿಬ್ಬಗಳಿಗೆ ಗಿಡ ಹಚ್ಚುತ್ತಿದ್ದಾರೆ, ನಾರಿನ ಚಾಪೆಯನ್ನೂ ಹಾಸಿದ್ದಾರೆ. ಆದರೆ ಸ್ಥಳೀಯ ಹುಲ್ಲಿನ ಬಗ್ಗೆ ಯಾರೂ ಮಾತಾಡುವುದನ್ನು ಕೇಳಿಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು

ಹೊಸದಾಗಿ ಸುರಿದ ದಿಬ್ಬದಲ್ಲಿ ಮಣ್ಣೆನ್ನುವುದೇ ಇರುವುದಿಲ್ಲ, ಸಡಿಲ ಕಲ್ಲುಪುಡಿ ಮಾತ್ರ. ಮೇಲ್ಮಣ್ಣನ್ನು ಬೇರೆಯಾಗಿ ಕಾಯ್ದಿಟ್ಟು ಮತ್ತೆ ಹರಡದಿದ್ದರೆ ಯಾವ ಹುಲ್ಲೂ ನೆಲೆಯೂರದು. ಮೇಲ್ಮಣ್ಣು ಬಿದ್ದ ಮೇಲೆ ಬಿಸಿಲಿನ ಮಗ್ಗುಲಿಗೆ ಸೂಜಿ ಹುಲ್ಲನ್ನು, ನೀರು ಇಂಗುವ ಅಡಿಭಾಗಕ್ಕೆ ಕಾಚಿ ಹುಲ್ಲನ್ನು ಆಯ್ದುಕೊಳ್ಳಬಹುದು. ದಿಬ್ಬದ ಅಂಚುಗಟ್ಟೆಗೆ ಲಾವಂಚದ ಸಾಲು ಇವೆರಡಕ್ಕಿಂತ ಗಟ್ಟಿ. ಅದರ ಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ. ಆದರೆ ಸಂಡೂರಿನವರು ಕೇಳಿದ್ದು ದಿಬ್ಬದ ಬಗ್ಗೆ ಅಲ್ಲ, ಊರಿನ ಗುಡ್ಡದ ಬಗ್ಗೆ.

ಮಣ್ಣು ಹಿಡಿಯುವ ಪ್ರಶ್ನೆಗೆ ಬರುತ್ತೇನೆ. ಎರಡಕ್ಕೂ ಇರುವುದು ಜೊಂಡುಜೊಂಡಾದ ನಾರುಬೇರು. ಕಾಚಿ ಹುಲ್ಲಿನ ಬುಡ ದಪ್ಪ, ಗುಂಪು ದೊಡ್ಡದು, ಆದರೆ ಮೋತಿಯಾ ಬಗೆಯ ಗುಂಪುಗಳ ನಡುವೆ ಖಾಲಿ ನೆಲ ಹೆಚ್ಚು. ಹರಿಯುವ ನೀರು ಆ ಸಂದಿಗಳಲ್ಲೇ ದಾರಿ ಮಾಡಿಕೊಳ್ಳುತ್ತದೆ. ಸೂಜಿ ಹುಲ್ಲಿನ ಗುಂಪು ಚಿಕ್ಕದು, ಆದರೆ ಹತ್ತಿರ ಹತ್ತಿರ ಏಳುತ್ತದೆ. ಬಿಸಿಲಿನ ಬೋಳು ಮಗ್ಗುಲಿಗೆ ನಾನು ಸೂಜಿ ಹುಲ್ಲನ್ನೇ ಹೇಳುತ್ತೇನೆ. ಮರಗಳ ಸಾಲು ಆರಂಭವಾಗುವಲ್ಲಿ, ಹಳ್ಳದ ದಂಡೆಯಲ್ಲಿ, ಕಾಲುದಾರಿಯ ಪಕ್ಕದಲ್ಲಿ, ಅಂದರೆ ಜಾನುವಾರು ಓಡಾಡಿ ಬೇರೆಲ್ಲ ಹುಲ್ಲು ತುಳಿದು ತಿಂದು ಹಾಳಾಗುವ ಕಡೆ ಕಾಚಿ ಹುಲ್ಲು ಇರಲಿ. ಅಲ್ಲಿ ಅದರ ವಾಸನೆಯೇ ಅದಕ್ಕೆ ಬೇಲಿ.

ಹಕ್ಕಿ ನೋಡುವವ, ಕಮಲಾಪುರ

ದರೋಜಿಯ ಕರಡಿಧಾಮದ ಸುತ್ತ ಓಡಾಡುವ ಅಭ್ಯಾಸದಿಂದ ಹೇಳುತ್ತಿದ್ದೇನೆ. ಗೌಜಲಹಕ್ಕಿಗಳು ಗೂಡು ಮಾಡುವುದು ನೆಲದ ಮೇಲೆ, ಹುಲ್ಲಿನ ಬುಡದ ಮರೆಯಲ್ಲಿ. ಒಂದೇ ಜಾತಿಯ ಹುಲ್ಲನ್ನು ಗುಡ್ಡದ ತುಂಬ ಹಬ್ಬಿಸುವ ಬದಲು ಗಿಡ್ಡ ಹುಲ್ಲು, ಎತ್ತರದ ಹುಲ್ಲು ಎರಡೂ ಇದ್ದರೆ ಅವುಗಳಿಗೆ ಮೇಯಲು ಒಂದು ಕಡೆ, ಅಡಗಲು ಒಂದು ಕಡೆ ಸಿಗುತ್ತದೆ. ದಯವಿಟ್ಟು ಒಂದೇ ಹುಲ್ಲು ಎಂಬ ಹಟ ಬೇಡ.

ಕೊಪ್ಪಳ ಬೆಂಕಿರೇಖೆ

ಒಂದು ಎಚ್ಚರಿಕೆ. ಸೂಜಿ ಹುಲ್ಲು ಒಣಗಿದರೆ ಹೊತ್ತುವುದು ಬಹಳ ಬೇಗ. ಹೊಸ ಚಿಗುರಿನ ಆಸೆಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಕಿಚ್ಚು ಇಡುವವರು ಎಲ್ಲ ಊರಲ್ಲೂ ಇದ್ದಾರೆ. ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ ಎಂಬುದು ಒಂದು ಮಾತು; ಸುಟ್ಟ ಗುಡ್ಡದ ಮೇಲೆ ಮೊದಲ ಮಳೆ ಬಿದ್ದಾಗ ಬರಿ ಮಣ್ಣು ಇಳಿದು ಬರುವುದು ಇನ್ನೊಂದು ಮಾತು. ಹುಲ್ಲು ಎಬ್ಬಿಸುವ ಮೊದಲೇ ಬೆಂಕಿರೇಖೆ, ಅಂದರೆ ಕಿಚ್ಚು ದಾಟದಂತೆ ಹುಲ್ಲು ತೆಗೆದು ಬಿಡುವ ಪಟ್ಟಿ, ಎಲ್ಲಿ ಎಂದು ನಿರ್ಧರಿಸಿ. ಎರಡೂ ಹುಲ್ಲು ಸುಟ್ಟ ಮೇಲೂ ಬುಡದಿಂದ ಚಿಗುರುತ್ತವೆ, ಆದರೆ ತುಗ್ಗಲಿ, ದಿಂಡಿಗದ ಸಸಿಗಳು ಉಳಿಯುವುದಿಲ್ಲ. ಮರ ಹೋದರೆ ನೆರಳು ಹೋಗುತ್ತದೆ, ನೆರಳು ಹೋದ ಕಡೆಗೂ ಸೂಜಿ ಹುಲ್ಲೇ ಹಬ್ಬುತ್ತದೆ.

ಯಲಬುರ್ಗಾ ಅಕ್ಕ

ಬೋಳು ಮಗ್ಗುಲಿನಲ್ಲಿ ಬಳ್ಳಾರಿ ಜಾಲಿ ಎದ್ದಿದೆಯೇ? ಎದ್ದಿದ್ದರೆ ಮೊದಲು ಅದನ್ನು ಬೇರುಸಹಿತ ಕಿತ್ತುಹಾಕಿ. ಅದರ ಬುಡದಲ್ಲಿ ಯಾವ ಹುಲ್ಲೂ ಏಳುವುದಿಲ್ಲ.

ಸಂಡೂರು ಸೀಮೆ

ಇದೆ ಅಕ್ಕಾ, ಕೆರೆಯ ಕಡೆ ಸಾಕಷ್ಟಿದೆ. ಅದನ್ನು ಕೀಳುವ ಕೆಲಸವನ್ನು ಉದ್ಯೋಗ ಖಾತರಿಯಲ್ಲಿ ಸೇರಿಸಲು ಪಂಚಾಯಿತಿಗೆ ಅರ್ಜಿ ಕೊಡುತ್ತೇವೆ.

ಇಷ್ಟು ಜನ ಇಷ್ಟು ವಿವರವಾಗಿ ಬರೆದಿದ್ದಕ್ಕೆ ಋಣಿಯಾಗಿದ್ದೇನೆ. ಬಿಸಿಲಿನ ಮಗ್ಗುಲಿಗೆ ಸೂಜಿ ಹುಲ್ಲು, ಮರದ ಅಂಚಿಗೂ ಹಳ್ಳದ ದಂಡೆಗೂ ಕಾಚಿ ಹುಲ್ಲು ಎಂದು ಸಭೆಯ ಮುಂದೆ ಇಡುತ್ತೇನೆ. ಕುರಿಯವರ ಒಪ್ಪಿಗೆಯಿಲ್ಲದೆ ಇದು ನಡೆಯುವುದಿಲ್ಲ. ಕುಷ್ಟಗಿ ಅಣ್ಣಾ, ನಿಮ್ಮ ಆಕ್ಷೇಪ ಈಗಲೂ ಹಾಗೆಯೇ ಇದೆಯೇ?

ಕುಷ್ಟಗಿ ಕುರಿಮಂದೆ

ಇದೆ. ಆದರೆ ಒಂದು ಷರತ್ತಿಗೆ ಒಪ್ಪುವುದಾದರೆ ಸೂಜಿ ಹುಲ್ಲಿಗೆ ನನ್ನ ವಿರೋಧವಿಲ್ಲ. ತೆನೆ ಹೊರಡುವ ಹೊತ್ತಿಗೆ ಗುಡ್ಡದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಒಣಗಿಸಿ ಬಣವೆ ಒಟ್ಟಲು ಕುರಿಯವರಿಗೆ ಬಿಡಬೇಕು. ಸಮಿತಿಯವರು ಬೇಲಿ ಹಾಕಿ ಬೀಗ ಹಾಕಿಕೊಂಡು, ಬೀಜ ಬಲಿತ ಮೇಲೆ ಬಾಗಿಲು ತೆಗೆದರೆ ಅದು ನಮಗೆ ಮೇವಲ್ಲ, ಶಿಕ್ಷೆ. ನಮ್ಮ ಪಕ್ಕದ ಒಂದು ಊರಿನಲ್ಲಿ ಹಾಗೆಯೇ ಆಯಿತು. ಹುಲ್ಲು ಕಣ್ಣೆದುರು ಬಲಿತು ಕಪ್ಪಾಯಿತು, ಕೊಯ್ಯಲು ಬಿಡಲಿಲ್ಲ, ಆಮೇಲೆ ಯಾರೋ ಬೆಂಕಿ ಇಟ್ಟರು.

ರಾಯಚೂರು ಪಶುವೈದ್ಯ

ಈ ಷರತ್ತು ಪೂರ್ತಿ ನ್ಯಾಯವಾದದ್ದು. ಹೂವಿಗೆ ಬರುವ ಮುಂಚೆ ಕೊಯ್ದರೆ ಪ್ರೋಟೀನ್ ಅಂಶ ಉಳಿದಿರುತ್ತದೆ. ಬಲಿತ ಮೇಲೆ ಅದು ಬೇಗ ಇಳಿದು ನಾರಷ್ಟೇ ಉಳಿಯುತ್ತದೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಮೇಯಿಸುವ ಹಕ್ಕನ್ನು, ಅಲೆಮಾರಿ ಕುರಿಗಾರರ ಋತುಮಾನದ ಬಳಕೆಯನ್ನೂ ಹೆಸರಿಸಿ ಹೇಳಲಾಗಿದೆ. ಸಮಿತಿಯವರು ಠರಾವು ಬರೆಯುವಾಗ ಕೊಯ್ಲಿನ ಹದವನ್ನು ತಿಂಗಳಿನ ಲೆಕ್ಕದಲ್ಲಿ ಬರೆಯದೆ ಹುಲ್ಲಿನ ಲಕ್ಷಣದ ಮೇಲೆ ಬರೆಯಲಿ. ಮಳೆ ಹಿಂದೆ ಮುಂದಾದ ವರ್ಷ ತೆನೆಯೂ ಹಿಂದೆ ಮುಂದಾಗುತ್ತದೆ.

ಗಂಗಾವತಿ ಪದವೀಧರ

ಎಲ್ಲವನ್ನೂ ಬೀಜಕ್ಕೆ ಮೊದಲೇ ಕೊಯ್ದರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ ಬರುತ್ತದೆ?

ಹುಲ್ಲುಗಾವಲು

ಬಹುವಾರ್ಷಿಕವಾದ್ದರಿಂದ ಬುಡ ಉಳಿದರೆ ಹುಲ್ಲು ಉಳಿಯುತ್ತದೆ. ಆದರೂ ಮೊದಲ ವರ್ಷಗಳಲ್ಲಿ ಬೀಜ ಬೀಳುವುದು ಅಗತ್ಯ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿಗಳನ್ನು ಬಿಟ್ಟು ಕೊಯ್ಯಿರಿ. ಈ ವರ್ಷ ಬಿಟ್ಟ ಪಟ್ಟಿಯನ್ನು ಮುಂದಿನ ವರ್ಷ ಕೊಯ್ದು, ಕೊಯ್ದದ್ದನ್ನು ಬಿಡಿ. ಬಿಟ್ಟ ಪಟ್ಟಿಯೊಳಗೆ ಮಂದೆ ಹೋಗದಂತೆ ನೋಡಿಕೊಳ್ಳುವುದು ಕುರಿಯವರ ಹೊಣೆಯಾಗಲಿ.

ಕುಷ್ಟಗಿ ಕುರಿಮಂದೆ

ಅದಕ್ಕೆ ಒಪ್ಪಿದೆ. ಆ ಪಟ್ಟಿಯೊಳಗೆ ಮಂದೆ ಬಿಡುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇಲ್ಲ.

ಸಂಡೂರು ಸೀಮೆ

ಕೊನೆಯದಾಗಿ ಬೀಜದ ವಿಷಯ. ನಮ್ಮ ಹುಡುಗರು ಸೂಜಿ ಹುಲ್ಲಿನ ಬೀಜವನ್ನು ಗೋಣಿಚೀಲಕ್ಕೆ ತುಂಬಿದರು. ಈಗ ಅದು ಚೀಲದ ಎಳೆಗೆಲ್ಲ ಹೆಣೆದುಕೊಂಡು ಬಿಡಿಸಲು ಬರುತ್ತಿಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು

ಬೀಜವನ್ನು ಬಿಡಿಸುವ ಗೋಜಿಗೇ ಹೋಗಬೇಡಿ. ಗುಡ್ಡದ ಇನ್ನೊಂದು ಮಗ್ಗುಲಿನಲ್ಲಿ ಬೀಜ ಬಲಿತ ಹುಲ್ಲನ್ನು ತೆನೆಸಹಿತ ಕೊಯ್ದು, ಬೋಳು ನೆಲವನ್ನು ಇಳಿಜಾರಿಗೆ ಅಡ್ಡಲಾಗಿ ಸ್ವಲ್ಪ ಕೆರೆದು, ಅದರ ಮೇಲೆ ತೆಳುವಾಗಿ ಹಾಸಿಬಿಡಿ. ಗಾಳಿಗೆ ಹಾರದಂತೆ ಅಲ್ಲಲ್ಲಿ ಕಲ್ಲು ಹೇರಿ. ಇಬ್ಬನಿ, ಬಿಸಿಲುಗಳ ಆಟಕ್ಕೆ ಊಬು ತಿರುಗಿ ಬೀಜ ತಾನೇ ಮಣ್ಣಿಗೆ ಇಳಿಯುತ್ತದೆ. ಮೇಲಿನ ಒಣಹುಲ್ಲು ಹೊದಿಕೆಯಾಗುತ್ತದೆ. ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ, ಕೆಲವು ತಿಂಗಳ ಸುಪ್ತಾವಸ್ಥೆ ಕಳೆಯಬೇಕು. ಆದ್ದರಿಂದ ಹಿಂಗಾರು ಮುಗಿದ ಮೇಲೆ ಹಾಸಿದ್ದು ಮುಂಗಾರಿನ ಹದ ಮಳೆಗೆ ಸರಿಯಾಗಿ ಏಳುತ್ತದೆ. ಚೀಲವನ್ನು ಹಾಗೆಯೇ ಕತ್ತರಿಸಿ, ತುಂಡುಗಳನ್ನು ನೆಲಕ್ಕೆ ಹಾಸಿದರೂ ನಡೆಯುತ್ತದೆ.

ಕಾಚಿ ಹುಲ್ಲಿನ ಬೀಜ ಬಹಳ ಸಣ್ಣದು, ಗುಡ್ಡದ ಮೇಲೆ ಎರಚಿದರೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಅದನ್ನು ಮರಳಿನೊಂದಿಗೆ ಬೆರೆಸಿ ಮಡಿಯಲ್ಲಿ ಬಿತ್ತಿ, ಗೇಣುದ್ದವಾದಾಗ ಮಳೆ ಹಿಡಿದ ದಿನ ನೋಡಿ ನಾಟಿ ಮಾಡಿಸಿ. ಇಲ್ಲವೇ ಹಳೆಯ ಗುಂಪಿನ ಬುಡ ಸೀಳಿ ನೆಡಿ, ಅದು ಇನ್ನೂ ಸುಲಭ.